ಆರ್ಬ್ರೋತ್ ಫುಟ್‌ಬಾಲ್ ಕ್ಲಬ್ಬಿನ ಬೆಂಬಲಿಗರಿಗೆ ಪದೇ ಪದೇ ಎದುರಾಗುವ ಪ್ರಶ್ನೆಗಳು: 2021–22ರ ಸೀಸನ್ ಮತ್ತು ಸ್ಕಾಟ್ಲೆಂಡಿನ ಕೆಳ ಲೀಗುಗಳು

ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇವೆ. ಹೊಸಬರದು ಮೊದಲು, ಲೆಕ್ಕಾಚಾರದವರದು ಕೊನೆಗೆ. ಎಲ್ಲವನ್ನೂ ಓದಬೇಕಿಲ್ಲ, ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಹೊಸಬರಿಗೆ

ಈ ಆರ್ಬ್ರೋತ್ ಎಲ್ಲಿದೆ? ಹೆಸರೇ ಕೇಳಿಲ್ಲವಲ್ಲ!

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಆಂಗಸ್ ಪ್ರಾಂತ್ಯದಲ್ಲಿ. ಡಂಡೀ ನಗರದಿಂದ ಈಶಾನ್ಯಕ್ಕೆ ಸುಮಾರು 27 ಕಿ.ಮೀ. ಮೀನುಗಾರಿಕೆ ಸಾಕಿದ ಊರು, ಜನಸಂಖ್ಯೆ 24 ಸಾವಿರದ ಆಸುಪಾಸು. ಊರಿಗೆ ಊರೇ ಎದ್ದು ಬಂದರೂ ನಮ್ಮ ಕಂಠೀರವ ಕ್ರೀಡಾಂಗಣ ಪೂರ್ತಿ ತುಂಬುವುದು ಅನುಮಾನ. ಕ್ಲಬ್ ಹುಟ್ಟಿದ್ದು 1878ರಲ್ಲಿ. ಅಂಗಿ ಮರೂನ್ ಬಣ್ಣದ್ದು. ಅಡ್ಡಹೆಸರು ‘ರೆಡ್ ಲಿಖ್ಟೀಸ್’: ರಾತ್ರಿ ಬಂದರಿಗೆ ಮರಳುವ ದೋಣಿಗಳಿಗೆ ದಾರಿ ತೋರಿಸುತ್ತಿದ್ದ ಕೆಂಪು ದೀಪದಿಂದ ಬಂದದ್ದು. ಸ್ಕಾಟ್ಸ್ ನುಡಿಯಲ್ಲಿ ‘ಲಿಖ್ಟ್’ ಅಂದರೆ ಬೆಳಕು.

ತವರು ಮೈದಾನ ಗೇಫೀಲ್ಡ್ ಪಾರ್ಕ್. ಅದರ ಒಂದು ಗೋಡೆಯಾಚೆಗೆ ನಾರ್ತ್ ಸೀ. ಬ್ರಿಟನ್ನಿನ ಬೇರೆ ಯಾವ ಲೀಗ್ ಮೈದಾನವೂ ಸಮುದ್ರಕ್ಕೆ ಇಷ್ಟು ಅಂಟಿಕೊಂಡಿಲ್ಲ. ಬಿರುಗಾಳಿಯ ದಿನ ಅಲೆ ಗೋಡೆ ಹಾರಿ ಒಳಗೆ ಬೀಳುತ್ತದೆ. ಇದು ಅಲಂಕಾರದ ಮಾತಲ್ಲ, ಅಂಗಿ ಒದ್ದೆಯಾಗುತ್ತದೆ.

ಸ್ಕಾಟ್ಲೆಂಡ್ ಅಂದ್ರೆ ಸೆಲ್ಟಿಕ್, ರೇಂಜರ್ಸ್ ಅಷ್ಟೇ ಅಲ್ವಾ? ಉಳಿದವರು ಎಲ್ಲಿ ಆಡ್ತಾರೆ?

ಒಟ್ಟು 42 ಕ್ಲಬ್ಬುಗಳು, ನಾಲ್ಕು ಹಂತ. ಮೇಲೆ ಪ್ರೀಮಿಯರ್‌ಶಿಪ್, ಅದರಲ್ಲಿ 12 ತಂಡ. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ವನ್, ಲೀಗ್ ಟು, ತಲಾ 10 ತಂಡ. ಈಗಿನ ಹೆಸರುಗಳು 2013ರಲ್ಲಿ ಬಂದವು. ಹತ್ತು ಹತ್ತರ ಲೆಕ್ಕ ಅದಕ್ಕೂ ಹಳೆಯದು, 1994ರಿಂದ ಇದೆ. ಲೀಗ್ ಟು ಕೆಳಗೆ ಹೈಲ್ಯಾಂಡ್ ಲೀಗ್, ಲೋಲ್ಯಾಂಡ್ ಲೀಗ್ ಮುಂತಾದ ಪ್ರಾದೇಶಿಕ ಲೀಗುಗಳಿವೆ.

‘ಕೆಳ ಲೀಗ್’ ಅಂದಾಗ ಬೆಂಬಲಿಗರ ಮನಸ್ಸಿನಲ್ಲಿರುವುದು ಪ್ರೀಮಿಯರ್‌ಶಿಪ್ ಬಿಟ್ಟು ಉಳಿದ ಮೂರು. ಆರ್ಬ್ರೋತ್ ಈ ಮೂರರಲ್ಲೂ ಏರಿ ಇಳಿದಿದೆ.

ಒಂದೇ ತಂಡದ ಜೊತೆ ವರ್ಷಕ್ಕೆ ನಾಲ್ಕು ಸಲ ಆಡೋದಾ? ಬೇಜಾರಾಗಲ್ವಾ?

ಆಗುತ್ತದೆ, ಸುಳ್ಳು ಯಾಕೆ? ಹತ್ತು ತಂಡಗಳಲ್ಲಿ ಎದುರಾಳಿಗಳು ಒಂಬತ್ತು, ಒಬ್ಬೊಬ್ಬರ ಜೊತೆ ತವರಿನಲ್ಲಿ ಎರಡು, ಹೊರಗೆ ಎರಡು. ಒಟ್ಟು 36 ಪಂದ್ಯ, ತವರಿನಲ್ಲಿ 18. ಫೆಬ್ರವರಿ ಹೊತ್ತಿಗೆ ಎದುರಾಳಿ ಸ್ಟ್ರೈಕರ್ ಯಾವ ಕಾಲಿಗೆ ಚೆಂಡು ಬದಲಿಸುತ್ತಾನೆ ಅನ್ನುವುದು ಗೋಡೆಗೊರಗಿ ನಿಂತ ಅಜ್ಜನಿಗೂ ಬಾಯಿಪಾಠ.

ಲಾಭವೂ ಇದೆ. ಪಟ್ಟಿ ಚಿಕ್ಕದಾದ್ದರಿಂದ ‘ಮಧ್ಯದಲ್ಲಿ ಸುಮ್ಮನೆ ಕೂತ ತಂಡ’ ಅನ್ನುವುದು ಇಲ್ಲವೆಂದೇ ಹೇಳಬಹುದು. 4ನೇ ಸ್ಥಾನದವರಿಗೆ ಪ್ಲೇಆಫ್ ಆಸೆ, 9ನೇ ಸ್ಥಾನದವರಿಗೆ ಪ್ಲೇಆಫ್ ಭಯ (ಪ್ಲೇಆಫ್ ಏನೆಂದು ಮುಂದಿನ ಪ್ರಶ್ನೆಯಲ್ಲಿದೆ). ನಡುವೆ ಉಳಿದದ್ದು ನಾಲ್ಕೇ ಸ್ಥಾನ. ಏಪ್ರಿಲ್‌ನಲ್ಲಿ ಎರಡು ವಾರ ಕೆಟ್ಟರೆ ಮೇಲಿನ ಆಸೆ ಹೋಗಿ ಕೆಳಗಿನ ಭಯ ಶುರು.

ಬಡ್ತಿ, ಹಿಂಬಡ್ತಿ ಬಿಡಿಸಿ ಹೇಳಿ. ಐಪಿಎಲ್ ನೋಡಿ ಬೆಳೆದವರ ತಲೆಗೆ ಇದು ಹೋಗಲ್ಲ.

ಐಪಿಎಲ್‌ನಲ್ಲಿ ಕೊನೆಯ ಸ್ಥಾನ ಬಂದರೂ ಮುಂದಿನ ವರ್ಷ ಅದೇ ಹತ್ತು ತಂಡ. ಇಲ್ಲಿ ಹಾಗಿಲ್ಲ. ಮೊದಲ ಸ್ಥಾನ ನೇರ ಮೇಲೆ, ಹತ್ತನೆಯದು ನೇರ ಕೆಳಗೆ (ಲೀಗ್ ಟು ಕೊನೆಯವರ ವಿಷಯ ಬೇರೆ, ಕೆಳಗೆ ಹೇಳಿದ್ದೇವೆ). ಇನ್ನೊಂದು ಜಾಗಕ್ಕೆ ಪ್ಲೇಆಫ್: ಕೆಳಗಿನ ಲೀಗಿನ 2, 3, 4ನೇ ತಂಡಗಳು ಮತ್ತು ಮೇಲಿನ ಲೀಗಿನ 9ನೇ ತಂಡ, ಈ ನಾಲ್ವರ ನಡುವೆ. ಸೆಮಿಫೈನಲ್, ಫೈನಲ್ ಎರಡೂ ತಲಾ ಎರಡು ಪಂದ್ಯ, ಎರಡರ ಗೋಲು ಕೂಡಿಸಿ ಲೆಕ್ಕ.

ನಾಲ್ಕನೇ ಸ್ಥಾನದಿಂದ ಮೇಲೇರಿದವರೂ ಇದ್ದಾರೆ. 2017ರಲ್ಲಿ ಪಕ್ಕದೂರಿನ ಬ್ರೀಕಿನ್ ಸಿಟಿ ಹಾಗೆಯೇ ಚಾಂಪಿಯನ್‌ಶಿಪ್‌ಗೆ ಹೋಯಿತು. ಹೋಗಿ ಏನಾಯಿತು ಅನ್ನುವುದು ಕೊನೆಯಲ್ಲಿದೆ.

36–0 ಅನ್ನೋದು ನಿಜವಾ, ಕಟ್ಟುಕಥೆಯಾ?

ನಿಜ, ಗೆದ್ದದ್ದು ಆರ್ಬ್ರೋತ್. 1885ರ ಸೆಪ್ಟೆಂಬರ್ 12, ಸ್ಕಾಟಿಷ್ ಕಪ್ ಮೊದಲ ಸುತ್ತು, ಎದುರಾಳಿ ಅಬರ್ಡೀನಿನ ಬಾನ್ ಅಕಾರ್ಡ್. ಜಾಕಿ ಪೀಟ್ರಿ ಒಬ್ಬನೇ 13 ಗೋಲು ಹೊಡೆದ. ಆರ್ಬ್ರೋತ್ ಗೋಲ್‌ಕೀಪರ್ ಕೆಲಸವಿಲ್ಲದೆ ಕೊಡೆ ಹಿಡಿದು ನಿಂತಿದ್ದನಂತೆ. ಗೋಲಿಗೆ ಬಲೆ ಕಟ್ಟುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ಹೊಡೆದ ಚೆಂಡನ್ನು ಓಡಿಹೋಗಿ ತರಬೇಕಿತ್ತು, ಇಲ್ಲದಿದ್ದರೆ ಇನ್ನೂ ಹೆಚ್ಚಾಗುತ್ತಿತ್ತು ಎಂದು ಊರವರ ಅಂಬೋಣ. ತಮಾಷೆಯೆಂದರೆ ಅದೇ ದಿನ ಡಂಡೀಯಲ್ಲಿ ಡಂಡೀ ಹಾರ್ಪ್ ತಂಡ ಅಬರ್ಡೀನ್ ರೋವರ್ಸ್ ವಿರುದ್ಧ 35–0 ಗೆದ್ದಿತ್ತು. ಒಂದೇ ಗೋಲಿನಲ್ಲಿ ಇತಿಹಾಸ ತಪ್ಪಿಸಿಕೊಂಡವರ ಹೆಸರು ಇಂದು ಯಾರಿಗೂ ಬೇಡ.

ಪಾರ್ಟ್-ಟೈಮ್ ತಂಡ ಅಂದ್ರೆ? ಸಂಬಳ ಇಲ್ವಾ?

ಸಂಬಳ ಇದೆ, ಅದರಿಂದ ಮನೆ ನಡೆಯುವುದಿಲ್ಲ. ಆಟಗಾರರು ಹಗಲು ಬೇರೆ ಕೆಲಸ ಮಾಡುತ್ತಾರೆ, ವಾರದಲ್ಲಿ ಸಾಮಾನ್ಯವಾಗಿ ಎರಡು ಸಂಜೆ ತರಬೇತಿ, ಶನಿವಾರ ಪಂದ್ಯ. ಆರ್ಬ್ರೋತಿನಲ್ಲಿ ಬಹುಕಾಲ ಆಡಿದ ವಿಂಗರ್ ಬಾಬಿ ಲಿನ್ ಹಗಲು ಕಸದ ಲಾರಿಯ ಕೆಲಸಗಾರ. ಪೂರ್ಣಾವಧಿ ತಂಡಕ್ಕೆ ವಾರಕ್ಕೆ ನಾಲ್ಕೈದು ದಿನ ಅಭ್ಯಾಸ ಸಿಗುತ್ತದೆ. ವ್ಯತ್ಯಾಸ ಕಾಣುವುದು ಕಾಲಿನಲ್ಲಲ್ಲ, ಚೇತರಿಕೆಯಲ್ಲಿ. ಮಂಗಳವಾರ ರಾತ್ರಿ ಇನ್ವರ್ನೆಸ್‌ನಲ್ಲಿ ಆಡಿ, ಬಸ್ಸಿನಲ್ಲಿ ಎರಡೂವರೆ ಮೂರು ಗಂಟೆ ಕೂತು ಬಂದು, ಬುಧವಾರ ಬೆಳಿಗ್ಗೆ ಕೆಲಸಕ್ಕೆ ಹೋದವನ ತೊಡೆಯ ಸ್ನಾಯು ಶನಿವಾರಕ್ಕೆ ಸಡಿಲವಾಗಿರುವುದಿಲ್ಲ. ಸಣ್ಣ ಗಾಯ ಆರು ವಾರದ ಗಾಯವಾಗುವುದು ಹೀಗೆ.

## ನೋಡುವವರಿಗೆ

ಡಂಡೀಯಲ್ಲಿ ಓದ್ತಿದ್ದೀನಿ. ಮೊದಲ ಸಲ ಗೇಫೀಲ್ಡಿಗೆ ಹೋಗೋದು, ಏನೇನು ನೋಡ್ಕೋಬೇಕು?

ಬೆಳಿಗ್ಗೆ ಎದ್ದ ಕೂಡಲೇ ಪಂದ್ಯ ಇದೆಯೋ ಇಲ್ಲವೋ ನೋಡಿ. ಚಳಿಗಾಲದಲ್ಲಿ ರೆಫರಿ ಬೆಳಿಗ್ಗೆಯೇ ಬಂದು ನೆಲ ಪರೀಕ್ಷಿಸುವುದುಂಟು. ರೈಲು ಹತ್ತಿದ ಮೇಲೆ ‘ಮುಂದೂಡಲಾಗಿದೆ’ ಎಂದು ಓದುವ ಸಂಕಟ ಬೇಡ. ಡಂಡೀಯಿಂದ ರೈಲಿನಲ್ಲಿ ಇಪ್ಪತ್ತು ನಿಮಿಷದ ದಾರಿ, ಅಬರ್ಡೀನ್ ಕಡೆಗೆ ಹೋಗುವ ಗಾಡಿ. ಅಬರ್ಡೀನಿನಲ್ಲಿ ಇರುವವರಿಗೆ ಅದೇ ಹಳಿ, ತಿರುಗುಮುಖ. ನಿಲ್ದಾಣದಿಂದ ಮೈದಾನಕ್ಕೆ ಕಾಲು ಗಂಟೆ ನಡಿಗೆ. ಸಮುದ್ರದ ಕಡೆ ಇಳಿದರೆ ಸಾಕು, ಫ್ಲಡ್‌ಲೈಟ್ ಕಂಬ ಕಾಣುತ್ತದೆ.

ಬಟ್ಟೆಯ ವಿಷಯ. ದಪ್ಪ ಸ್ವೆಟರ್ ಒಂದೇ ಸಾಲದು, ಗಾಳಿ ಅದರೊಳಗೆ ಹಾದುಹೋಗುತ್ತದೆ. ಒಳಗೆ ತೆಳುವಾದದ್ದು ಎರಡು, ಮೇಲೆ ಗಾಳಿ ತೂರದ ಜಾಕೆಟ್, ಕಿವಿ ಮುಚ್ಚುವ ಟೋಪಿ. ಕೊಡೆ ತರಬೇಡಿ. ಎರಡು ನಿಮಿಷದಲ್ಲಿ ಅದು ಬುಟ್ಟಿಯಂತೆ ಮಗುಚಿಕೊಳ್ಳುತ್ತದೆ, ಜೊತೆಗೆ ಹಿಂದಿನವರ ಬೈಗುಳ. ಕಾಲಡಿ ಕಾಂಕ್ರೀಟು, ಅದರ ತಣುಪು ಏರುವುದು ಪಾದದಿಂದ. ಉಣ್ಣೆಯ ಕಾಲುಚೀಲ ಎರಡು ಜೊತೆ ಹಾಕಿ.

ಕೂರಬೇಕೆಂದರೆ ಮುಖ್ಯ ಸ್ಟ್ಯಾಂಡ್. ಆದರೆ ಗೇಫೀಲ್ಡ್ ನಿಂತು ನೋಡುವ ಮೈದಾನ. ಎರಡೂ ಕಡೆಯವರನ್ನು ಬೇರೆ ಬೇರೆ ನಿಲ್ಲಿಸದ ದಿನ ವಿರಾಮದಲ್ಲಿ ಒಂದು ಮೆರವಣಿಗೆ ನೋಡಬಹುದು: ಮೊದಲರ್ಧ ಒಂದು ಗೋಲಿನ ಹಿಂದೆ ನಿಂತವರು ಮೈದಾನ ಸುತ್ತಿ ಇನ್ನೊಂದು ಗೋಲಿನ ಹಿಂದಕ್ಕೆ ಹೋಗುತ್ತಾರೆ, ತಮ್ಮ ತಂಡ ದಾಳಿ ಮಾಡುವ ಕಡೆಗೆ. ಕೈಯಲ್ಲಿ ಪೈ ಹಿಡಿದು ಎದುರಾಳಿಗಳನ್ನು ದಾಟಿ ನಡೆಯುವಾಗ ಎರಡು ಚುಚ್ಚುಮಾತು ಕೇಳಬೇಕು, ಎರಡು ಆಡಬೇಕು.

ಮೈದಾನದಲ್ಲಿ ಬಿಯರ್ ಸಿಗುತ್ತಾ?

ಸಾಮಾನ್ಯ ಪ್ರೇಕ್ಷಕರಿಗೆ ಇಲ್ಲ. 1980ರ ಸ್ಕಾಟಿಷ್ ಕಪ್ ಫೈನಲ್ ಮುಗಿದ ಮೇಲೆ ಸೆಲ್ಟಿಕ್, ರೇಂಜರ್ಸ್ ಬೆಂಬಲಿಗರು ಹ್ಯಾಂಪ್ಡನ್ ಮೈದಾನದೊಳಗೇ ಹೊಡೆದಾಡಿಕೊಂಡರು. ಅದೇ ವರ್ಷ ಕಾನೂನು ಬಂತು. ಒಳಗೆ ಮದ್ಯ ಒಯ್ಯುವುದು ಅಪರಾಧ, ಕುಡಿದು ತೂರಾಡುತ್ತ ಒಳಗೆ ಬರುವುದೂ ಅಪರಾಧ. ಬೆಂಬಲಿಗರ ಬಸ್ಸಿನಲ್ಲೂ ಬಾಟಲಿ ತೆರೆಯುವಂತಿಲ್ಲ. ಊಟದ ಸಮೇತ ಹಾಸ್ಪಿಟಾಲಿಟಿ ಟಿಕೆಟ್ ಕೊಂಡವರಿಗೆ ಮಾತ್ರ ವಿನಾಯಿತಿ. ಇನ್ನೂರು ಜನ ಸೇರುವ ಲೀಗ್ ಟು ಪಂದ್ಯಕ್ಕೂ ಇದೇ ಕಟ್ಟಳೆ ಅನ್ನುವುದು ಚಿಕ್ಕ ಕ್ಲಬ್ಬುಗಳ ಹಳೆಯ ಗೊಣಗಾಟ, ಅದರಲ್ಲಿ ನ್ಯಾಯ ಇದೆ.

ತಿನ್ನೋಕೆ ಏನು? ‘ಸ್ಮೋಕಿ’ ಅಂತಾರಲ್ಲ, ಅದೇನು?

ಒಳಗೆ ಸಿಗುವುದು ಪೈ ಮತ್ತು ಬೋವ್ರಿಲ್. ಬೋವ್ರಿಲ್ ಅಂದರೆ ದನದ ಮಾಂಸದ ಸಾರವನ್ನು ಬಿಸಿನೀರಿಗೆ ಕಲಸಿದ ಉಪ್ಪುಪ್ಪಾದ ಕಷಾಯ. ಸಸ್ಯಾಹಾರಿಗಳು ಚಹಾ ಕೇಳಿ. ವಿರಾಮಕ್ಕೆ ಐದು ನಿಮಿಷ ಮೊದಲೇ ಸಾಲಿಗೆ ಹೋದರೆ ಬಿಸಿ ಪೈ ಸಿಗುತ್ತದೆ, ವಿರಾಮದಲ್ಲಿ ಹೋದವರು ದ್ವಿತೀಯಾರ್ಧದ ಮೊದಲ ಗೋಲು ತಪ್ಪಿಸಿಕೊಳ್ಳುತ್ತಾರೆ.

ಸ್ಮೋಕಿ ಈ ಊರಿನದೇ ತಿನಿಸು, ಹ್ಯಾಡಕ್ ಮೀನಿನದು. ಹುಟ್ಟಿದ್ದು ಹತ್ತಿರದ ಆಖ್‌ಮಿಥಿ ಹಳ್ಳಿಯಲ್ಲಿ ಎನ್ನುತ್ತಾರೆ. ತಲೆ ತೆಗೆದು, ಹೊಟ್ಟೆ ಶುಚಿ ಮಾಡಿ, ಉಪ್ಪು ಹಚ್ಚಿಡುತ್ತಾರೆ. ಉಪ್ಪು ಮೇಲ್ಮೈಯ ನೀರು ಎಳೆದ ಮೇಲೆ ಒಂದೇ ಗಾತ್ರದ ಎರಡೆರಡನ್ನು ಬಾಲಕ್ಕೆ ಬಾಲ ಸೇರಿಸಿ ದಾರದಿಂದ ಕಟ್ಟಿ ಕೋಲಿಗೆ ಜೋತು ಹಾಕುತ್ತಾರೆ. ನೆಲಕ್ಕೆ ಹೂತ ಪೀಪಾಯಿಯಲ್ಲಿ ಗಟ್ಟಿಮರದ ಬೆಂಕಿ, ಮೇಲೆ ಒದ್ದೆ ಗೋಣಿಚೀಲ. ಗೋಣಿ ಗಾಳಿಯನ್ನು ತಡೆದು ಬೆಂಕಿ ಭುಗಿಲೇಳದಂತೆ ನೋಡಿಕೊಳ್ಳುತ್ತದೆ, ಹಬೆ ಮತ್ತು ಹೊಗೆ ಒಟ್ಟಿಗೇ ಮೀನನ್ನು ಬೇಯಿಸುತ್ತವೆ. ಗೋಣಿ ಒಣಗಿದರೆ ಬೆಂಕಿ ಎದ್ದು ಮೀನು ಸೀದುಹೋಗುತ್ತದೆ. ಒಂದು ಗಂಟೆಯೊಳಗೆ ಚರ್ಮ ತಾಮ್ರದ ಬಣ್ಣಕ್ಕೆ ಬರುತ್ತದೆ. ತಿನ್ನುವಾಗ ಹೊಟ್ಟೆಯ ಕಡೆಯಿಂದ ಬಿಡಿಸಿ, ನಡುಮುಳ್ಳನ್ನು ಹೆಬ್ಬೆರಳಿನಿಂದ ಎಬ್ಬಿಸಿದರೆ ಒಂದೇ ಎಳೆತಕ್ಕೆ ಬರುತ್ತದೆ. 2004ರಿಂದ ಇದಕ್ಕೆ ಯುರೋಪಿನ ಭೌಗೋಳಿಕ ರಕ್ಷಣೆ ಇದೆ: ಆರ್ಬ್ರೋತಿನಿಂದ 8 ಕಿ.ಮೀ. ಒಳಗೆ ತಯಾರಾಗದಿದ್ದರೆ ಆ ಹೆಸರಿಡುವಂತಿಲ್ಲ.

ಬೆಂಗಳೂರಿನಿಂದ ನೋಡೋದು ಹೇಗೆ? ಎಷ್ಟು ಗಂಟೆಗೆ?

ಶನಿವಾರ ಅಲ್ಲಿ ಮಧ್ಯಾಹ್ನ 3 ಅಂದರೆ ಇಲ್ಲಿ ಚಳಿಗಾಲದಲ್ಲಿ ರಾತ್ರಿ 8:30, ಬೇಸಿಗೆ ಗಡಿಯಾರದಲ್ಲಿ 7:30. ಗಡಿಯಾರ ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರಗಳಂದು. ವರ್ಷಕ್ಕೊಂದು ಸಲವಾದರೂ ಎಲ್ಲರೂ ಇಲ್ಲಿ ಎಡವುತ್ತಾರೆ. ವಾರದ ನಡುವಿನ 7:45ರ ಪಂದ್ಯ ನಮಗೆ ರಾತ್ರಿ 12:15 ಅಥವಾ 1:15.

ಶನಿವಾರ ಮಧ್ಯಾಹ್ನ 2:45ರಿಂದ 5:15ರ ತನಕ ಬ್ರಿಟನ್ನಿನೊಳಗೆ ಫುಟ್‌ಬಾಲ್ ನೇರಪ್ರಸಾರಕ್ಕೆ ತಡೆ ಇದೆ. ಜನ ಟಿವಿ ಮುಂದೆ ಕೂತು ಚಿಕ್ಕ ಮೈದಾನಗಳು ಖಾಲಿಯಾಗಬಾರದು ಅನ್ನುವುದು ಕಾರಣ. ಈ ತಡೆ ಹೊರದೇಶದವರಿಗಿಲ್ಲ, ಹಾಗಾಗಿ ಹಲವು ಕ್ಲಬ್ಬುಗಳು ವಿದೇಶದ ವೀಕ್ಷಕರಿಗೆ ಪಂದ್ಯಕ್ಕಿಷ್ಟು ಎಂದು ಹಣ ಪಡೆದು ಸ್ಟ್ರೀಮ್ ಕೊಡುತ್ತವೆ. ಡಂಡೀಯ ಗೆಳೆಯನಿಗೆ ಸಿಗದ ಪಂದ್ಯ ದಾವಣಗೆರೆಯಲ್ಲಿ ಕೂತವರಿಗೆ ಸಿಗುವ ವಿಚಿತ್ರ ಇದು. ವಿಪಿಎನ್ ಹಾಕಿಕೊಂಡು ಖಾತೆ ತೆರೆದರೆ ನೀವು ಬ್ರಿಟನ್ನಿನಲ್ಲಿದ್ದೀರಿ ಎಂದೇ ತಿಳಿದು ಬಾಗಿಲು ಹಾಕಬಹುದು, ಮೊದಲು ಅದನ್ನು ಆರಿಸಿ. ಬಹುಪಾಲು ಒಂದೇ ಕ್ಯಾಮೆರಾ, ಗಾಳಿ ಬಂದರೆ ಅದೂ ನಡುಗುತ್ತದೆ.

## 2021–22

ಎರಡನೇ ಸ್ಥಾನಕ್ಕೆ ಇಷ್ಟು ಸಂಭ್ರಮ ಯಾಕೆ? ಅದು ಸೋಲಲ್ವಾ?

2021–22ರ ಚಾಂಪಿಯನ್‌ಶಿಪ್‌ನಲ್ಲಿ ಆರ್ಬ್ರೋತ್ ಎರಡನೆಯದಾಗಿ ಮುಗಿಸಿತು. ಆ ವರ್ಷ ಅಲ್ಲಿ ಒಂಬತ್ತು ತಂಡ ಪೂರ್ಣಾವಧಿಯವು, ಪಾರ್ಟ್-ಟೈಮ್ ಇದ್ದದ್ದು ಆರ್ಬ್ರೋತ್ ಒಂದೇ. ಎದುರಿಗೆ ಆಗಷ್ಟೇ ಪ್ರೀಮಿಯರ್‌ಶಿಪ್‌ನಿಂದ ಇಳಿದುಬಂದ ಕಿಲ್ಮಾರ್ನಾಕ್, ಮೇಲೆ ಆಡಿ ಬಂದ ಇನ್ವರ್ನೆಸ್, ಪಾರ್ಟಿಕ್ ಥಿಸಲ್, ಡನ್‌ಫರ್ಮ್‌ಲಿನ್. ಹೊಸ ವರ್ಷ ಬಂದಾಗ ಪಟ್ಟಿಯ ತುದಿಯಲ್ಲಿ ಆರ್ಬ್ರೋತ್ ಇತ್ತು.

ಇನ್ನೊಂದು ಹಿನ್ನೆಲೆಯೂ ಬೇಕು. 1878ರಲ್ಲಿ ಹುಟ್ಟಿದ ಕ್ಲಬ್ ಮೊದಲ ಲೀಗ್ ಪ್ರಶಸ್ತಿ ಗೆದ್ದದ್ದು 2011ರಲ್ಲಿ, ಅದೂ ನಾಲ್ಕನೇ ಹಂತದಲ್ಲಿ. ‘ಈ ಸಲ ಕಪ್ ನಮ್ದೇ’ ಅನ್ನುತ್ತ ಕಾದವರಿಗೆ ಇದು ಅರ್ಥವಾಗಬೇಕು. ಆಮೇಲೆ ಮತ್ತೆ ಕೆಳಗೆ ಹೋಗಿದ್ದ ತಂಡವನ್ನು 2016ರಲ್ಲಿ ಡಿಕ್ ಕ್ಯಾಂಬೆಲ್ ಕೈಗೆತ್ತಿಕೊಂಡರು. ತಲೆಯ ಮೇಲೆ ಯಾವಾಗಲೂ ಚಪ್ಪಟೆ ಟೋಪಿ, ಪಕ್ಕದಲ್ಲಿ ಸಹಾಯಕನಾಗಿ ಅವಳಿ ತಮ್ಮ ಇಯಾನ್. 2017ರಲ್ಲಿ ಲೀಗ್ ಟು, 2019ರಲ್ಲಿ ಲೀಗ್ ವನ್ ಗೆದ್ದು ಆರು ವರ್ಷದಲ್ಲಿ ಪ್ರೀಮಿಯರ್‌ಶಿಪ್ ಹೊಸ್ತಿಲಿಗೆ ತಂದು ನಿಲ್ಲಿಸಿದರು.

ಕಡಿಮೆ ಸೋತವರಿಗೆ ಚಾಂಪಿಯನ್ ಪಟ್ಟ ಯಾಕೆ ಸಿಗಲಿಲ್ಲ?

ಕೊನೆಯ ಲೆಕ್ಕ ನೋಡಿ. ಕಿಲ್ಮಾರ್ನಾಕ್: 20 ಗೆಲುವು, 7 ಡ್ರಾ, 9 ಸೋಲು, 67 ಅಂಕ. ಆರ್ಬ್ರೋತ್: 17 ಗೆಲುವು, 14 ಡ್ರಾ, 5 ಸೋಲು, 65 ಅಂಕ. ಗೆದ್ದರೆ 3, ಡ್ರಾಗೆ 1. ಒಂದು ಗೆಲುವು, ಎರಡು ಸೋಲು ಆದವರಿಗೂ ಮೂರು ಡ್ರಾ ಆದವರಿಗೂ ಒಂದೇ ಅಂಕ. ಅಂದರೆ ಈ ಪದ್ಧತಿಯಲ್ಲಿ ಸೋಲದಿರುವುದಕ್ಕೆ ಬೆಲೆ ಕಡಿಮೆ. ಆ 14 ಡ್ರಾಗಳಲ್ಲಿ ಎರಡನ್ನು ಗೆಲುವು ಮಾಡಿಕೊಂಡಿದ್ದರೆ 69 ಆಗುತ್ತಿತ್ತು.

ಪಾರ್ಟ್-ಟೈಮ್ ತಂಡಕ್ಕೆ ಡ್ರಾ ಹೆಚ್ಚಾಗುವುದು ಆಕಸ್ಮಿಕವಲ್ಲ. ರಕ್ಷಣೆಯನ್ನು ಎರಡು ಸಂಜೆಯ ಅಭ್ಯಾಸದಲ್ಲಿ ಕಲಿಸಬಹುದು: ಯಾರು ಎಲ್ಲಿ ನಿಲ್ಲಬೇಕು, ಎಷ್ಟು ದೂರ ಬಿಡಬೇಕು. 70ನೇ ನಿಮಿಷದ ಮೇಲೆ ಗೋಲು ಹುಡುಕಿಕೊಂಡು ಹೋಗಲು ಬೇಕಾದದ್ದು ತಾಜಾ ಕಾಲು ಮತ್ತು ಬೆಂಚಿನಲ್ಲಿ ಒಬ್ಬ ಒಳ್ಳೆಯ ಸ್ಟ್ರೈಕರ್. ಎರಡಕ್ಕೂ ದುಡ್ಡು ಬೇಕು.

ಪಟ್ಟ ಕೈತಪ್ಪಿದ ರಾತ್ರಿ 2022ರ ಏಪ್ರಿಲ್ 22, ಶುಕ್ರವಾರ, ಕಿಲ್ಮಾರ್ನಾಕಿನ ರಗ್ಬಿ ಪಾರ್ಕ್‌ನಲ್ಲಿ. ಆರ್ಬ್ರೋತ್ ಮುಂದಿತ್ತು. ಕಿಲ್ಮಾರ್ನಾಕ್ ಸಮ ಮಾಡಿತು, ಕೊನೆಗಳಿಗೆಯಲ್ಲಿ ಬ್ಲೇರ್ ಆಲ್‌ಸ್ಟನ್ ಹೊಡೆದ ಗೋಲಿಗೆ 2–1. ಒಂದು ಪಂದ್ಯ ಬಾಕಿ ಇರುವಾಗಲೇ ಲೀಗ್ ಮುಗಿಯಿತು.

ಜನವರಿಯಲ್ಲಿ ತಂಡ ಕುಂಟಿತು ಅಂತಾರೆ, ಏನಾಯ್ತು?

ಎರಡು ಸಂಗತಿ. ಮೊದಲನೆಯದು ಲೋನ್. ಚಿಕ್ಕ ಕ್ಲಬ್ಬುಗಳು ದೊಡ್ಡವರ ಆಟಗಾರರನ್ನು ಎರವಲು ತರುತ್ತವೆ. ಆರ್ಬ್ರೋತಿನ ದಾಳಿಗೆ ಬೆನ್ನೆಲುಬಾಗಿದ್ದ ಜೋಯಲ್ ನೂಬಲ್ ಲಿವಿಂಗ್‌ಸ್ಟನ್ ಆಟಗಾರ. ಅವನು ಇಲ್ಲಿ ಚೆನ್ನಾಗಿ ಆಡಿದ್ದೇ ಕುತ್ತಾಯಿತು, ಜನವರಿಯಲ್ಲಿ ಯಜಮಾನರು ವಾಪಸ್ ಕರೆಸಿಕೊಂಡರು. ಸೀಸನ್ ಪೂರ್ತಿಯ ಲೋನ್ ಎಂದು ಪ್ರಕಟಣೆ ಬಂದರೂ ಹಿಂದಕ್ಕೆ ಕರೆಸಿಕೊಳ್ಳುವ ಷರತ್ತು ಇದೆಯೇ ಅನ್ನುವುದೇ ಬೆಂಬಲಿಗರು ಕೇಳಬೇಕಾದ ಮೊದಲ ಪ್ರಶ್ನೆ.

ಎರಡನೆಯದು ಕೋವಿಡ್. 2021ರ ಡಿಸೆಂಬರ್ 26ರಿಂದ ಮೂರು ವಾರ ಸ್ಕಾಟ್ಲೆಂಡಿನ ಹೊರಾಂಗಣ ಪಂದ್ಯಗಳಿಗೆ 500 ಜನರ ಮಿತಿ ಬಂತು. ಟಿವಿ ಹಣ ಕಡಿಮೆ ಇರುವ ಕೆಳ ಲೀಗುಗಳಿಗೆ ಗೇಟಿನಲ್ಲಿ ಬರುವ ಹಣವೇ ಜೀವನ. ಊರಿನ ತಂಡ ಲೀಗಿನ ತುದಿಯಲ್ಲಿದ್ದಾಗಲೇ ಬಾಗಿಲು ಮುಚ್ಚಬೇಕಾಯಿತು.

ಇಷ್ಟಾದರೂ ತಂಡ ಕುಸಿಯಲಿಲ್ಲ. ಮಧ್ಯಮೈದಾನದಿಂದ ನುಗ್ಗಿ ಗೋಲು ಹೊಡೆಯುತ್ತಿದ್ದ ಮೈಕಲ್ ಮಕೆನಾ ಆ ವರ್ಷ ಲೀಗಿನ ಆಟಗಾರರ ಸಂಘದ ಪ್ರಶಸ್ತಿ ಪಡೆದ.

ಪ್ಲೇಆಫ್‌ನಲ್ಲಿ ಒಂಬತ್ತು ಜನರ ಎದುರು ಗೆಲ್ಲೋಕಾಗಲಿಲ್ವಾ?

ಆಗಲಿಲ್ಲ. ಇದು ಇನ್ನೂ ಮಾಯದ ಗಾಯ. ಇನ್ವರ್ನೆಸ್ ವಿರುದ್ಧ ಸೆಮಿಫೈನಲ್, ಮೊದಲ ಪಂದ್ಯ 0–0. ಗೇಫೀಲ್ಡಿನ ಎರಡನೆಯದೂ ಹೆಚ್ಚುವರಿ ಸಮಯ ಸೇರಿ 0–0. ಒಟ್ಟು 210 ನಿಮಿಷ, ಒಂದೂ ಗೋಲಿಲ್ಲ. ಇನ್ವರ್ನೆಸ್ ಇಬ್ಬರನ್ನು ಕೆಂಪು ಕಾರ್ಡಿಗೆ ಕಳೆದುಕೊಂಡು ಒಂಬತ್ತು ಜನರಾದರೂ ತಡೆದು ನಿಂತಿತು, ಪೆನಾಲ್ಟಿ ಶೂಟೌಟ್‌ನಲ್ಲಿ 5–3 ಗೆದ್ದಿತು.

ಎರಡು ಆಟಗಾರ ಹೆಚ್ಚಿದ್ದರೆ ಗೋಲು ಬಂದೇ ಬರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಒಂಬತ್ತು ಜನರ ತಂಡ ದಾಳಿಯ ಆಸೆ ಬಿಟ್ಟು ಗೋಲ್‌ಕೀಪರ್ ಮುಂದೆ ನಾಲ್ಕು ನಾಲ್ಕರ ಎರಡು ಗೋಡೆ ಕಟ್ಟುತ್ತದೆ. ಅದನ್ನು ಒಡೆಯಬೇಕಾದರೆ ಚೆಂಡನ್ನು ಈ ಬದಿಯಿಂದ ಆ ಬದಿಗೆ ಬೇಗ ಬೇಗ ಬದಲಿಸಿ ಗೋಡೆಯನ್ನು ಓಡಾಡಿಸಬೇಕು. ನೂರು ನಿಮಿಷ ಆಡಿ ದಣಿದ ಕಾಲು ಬದಲಿಸುವುದು ನಿಧಾನ. ಆಗ ಉಳಿಯುವುದು ಎತ್ತರದ ಕ್ರಾಸ್ ಒಂದೇ, ಅದು ಗೋಡೆಗೆ ಬೇಕಾದದ್ದೇ. ಶೂಟೌಟ್‌ಗೆ ಬಂದ ಮೇಲಂತೂ ಎರಡೂ ಕಡೆ ಒಬ್ಬೊಬ್ಬನೇ.

ಗೆದ್ದಿದ್ದರೆ ನೇರ ಪ್ರೀಮಿಯರ್‌ಶಿಪ್ಪಾ?

ಇಲ್ಲ, ಇನ್ನೊಂದು ಫೈನಲ್ ಇತ್ತು, ಪ್ರೀಮಿಯರ್‌ಶಿಪ್‌ನ 11ನೇ ತಂಡದ ಜೊತೆ. ಈ ಮೇಲಿನ ಪ್ಲೇಆಫ್ ಬೇರೆ ಥರ. 3 ಮತ್ತು 4ನೆಯವರು ಮೊದಲು ಆಡಬೇಕು, ಗೆದ್ದವರು 2ನೆಯವರ ಜೊತೆ, ಅದರಲ್ಲಿ ಗೆದ್ದವರು ಫೈನಲ್‌ಗೆ. ಕೆಳಗಿನಿಂದ ಬರುವವರು ನಾಲ್ಕು ಅಥವಾ ಆರು ಪಂದ್ಯ ಆಡಿದರೆ ಮೇಲಿನವರಿಗೆ ಎರಡೇ. 2014ರಿಂದ 2025ರ ತನಕ ಇಂಥ 11 ಫೈನಲ್ ನಡೆದಿವೆ (2020ರಲ್ಲಿ ಇರಲಿಲ್ಲ). ಕೆಳಗಿನವರು ಗೆದ್ದದ್ದು ನಾಲ್ಕು ಸಲ: ಹ್ಯಾಮಿಲ್ಟನ್, ಡಂಡೀ, ಮತ್ತು ಎರಡು ಸಲ ಲಿವಿಂಗ್‌ಸ್ಟನ್. ಬಾಗಿಲು ತೆರೆದಿದೆ ಅನ್ನುತ್ತಾರೆ, ತೆರೆದಿರುವುದು ಕಿಂಡಿ.

## ಆಳಕ್ಕೆ ಇಳಿಯುವವರಿಗೆ

ಗಾಳಿ ಗಾಳಿ ಅಂತೀರಲ್ಲ, ಅದು ನೆಪ ಅಲ್ವಾ? ಎರಡೂ ತಂಡಕ್ಕೂ ಒಂದೇ ಗಾಳಿ.

ಗಾಳಿ ಒಂದೇ, ಅಭ್ಯಾಸ ಬೇರೆ. ಗೋಲ್‌ಕೀಪರ್ ಚೆಂಡನ್ನು ಗಾಳಿಗೆದುರಾಗಿ ಎತ್ತರಕ್ಕೆ ಒದ್ದರೆ ಅದು ನಡುದಾರಿಯಲ್ಲಿ ನಿಂತು ಹಿಂದಕ್ಕೆ ತೇಲಿ ಬರುತ್ತದೆ. ಗೋಲ್‌ಕಿಕ್ ತಿರುಗಿ ಸ್ವಂತ ಗೋಲಿಗೇ ಬಿದ್ದರೆ ಗೋಲು ಕೊಡುವುದಿಲ್ಲ, ಎದುರಾಳಿಗೆ ಕಾರ್ನರ್ ಸಿಗುತ್ತದೆ. ಇದು ನಿಯಮಪುಸ್ತಕದಲ್ಲಿದೆ, ಗೇಫೀಲ್ಡಿನಲ್ಲಿ ಅದನ್ನು ನೆನಪಿಟ್ಟುಕೊಳ್ಳಬೇಕು. ಕಾರ್ನರ್ ಹೊಡೆಯುವಾಗ ಚೆಂಡು ಗೆರೆಯ ಮೇಲೆ ನಿಲ್ಲದೆ ಉರುಳುತ್ತದೆ, ಜೊತೆಗಾರನೊಬ್ಬ ಬೆರಳಿಟ್ಟು ಹಿಡಿದುಕೊಳ್ಳಬೇಕು.

ಬಲ್ಲವರು ಗಾಳಿಗೆದುರಾಗಿ ಆಡುವಾಗ ಚೆಂಡನ್ನು ಮೊಣಕಾಲಿನ ಮೇಲೆ ಏಳಲು ಬಿಡುವುದಿಲ್ಲ. ಗೋಲ್‌ಕಿಕ್ ಪಕ್ಕದ ಬ್ಯಾಕ್‌ಗೆ, ಅಲ್ಲಿಂದ ಗೆರೆಗುಂಟ, ಥ್ರೋ-ಇನ್ ಗಳಿಸಿಕೊಂಡು ಹತ್ತು ಹತ್ತು ಗಜ ಮುಂದೆ. ಗಾಳಿ ಬೆನ್ನಿಗಿದ್ದಾಗ ತಿರುಗುಮುರುಗು: ದೂರದಿಂದ ಹೊಡೆ, ಗೋಲಿನ ಕಡೆಗೆ ಬಾಗುವ ಕಾರ್ನರ್ ಹಾಕು. ಹೊಸಬರು ಬೆನ್ನ ಗಾಳಿಯಲ್ಲಿ ಉದ್ದ ಪಾಸು ಕೊಟ್ಟು ಕೆಡುತ್ತಾರೆ, ಸ್ಟ್ರೈಕರ್ ತಲುಪುವ ಮೊದಲೇ ಚೆಂಡು ಗೆರೆ ದಾಟಿರುತ್ತದೆ.

ಟಾಸ್ ಗೆದ್ದರೆ ಯಾವ ಕಡೆ? ದ್ವಿತೀಯಾರ್ಧದಲ್ಲಿ ದಣಿದ ಕಾಲಿಗೆ ಗಾಳಿ ನೆರವಾಗಲಿ ಎಂದು ಮೊದಲು ಎದುರು ಗಾಳಿ ಆರಿಸುವವರಿದ್ದಾರೆ. ನಮ್ಮ ಅಭಿಪ್ರಾಯ: ಕೈಗೆ ಸಿಕ್ಕ ಗಾಳಿಯನ್ನು ಮೊದಲೇ ಬಳಸಿ. ಸಂಜೆಗೆ ಅದು ಬಿದ್ದುಹೋದರೆ ಕಾದದ್ದು ನೀರುಪಾಲು.

ಮುಂದೂಡಿದ ಪಂದ್ಯ ಕೈಯಲ್ಲಿದ್ದರೆ ಒಳ್ಳೇದಲ್ವಾ?

ಕಾಗದದ ಮೇಲೆ. ‘ಎರಡು ಪಂದ್ಯ ಬಾಕಿ, ಆರು ಅಂಕ ಹಿಂದೆ’ ಅಂದರೆ ಸಮ ಅನಿಸುತ್ತದೆ. ಆದರೆ ಆ ಎರಡೂ ಮಂಗಳವಾರ ರಾತ್ರಿಗೆ ಬರುತ್ತವೆ. ಕೆಲಸ ಮುಗಿಸಿ ಓಡಿಬರುವ ಆಟಗಾರರು, ರಜೆ ಸಿಗದೆ ಬರಲಾಗದ ಒಬ್ಬಿಬ್ಬರು, ಕಡಿಮೆ ಜನ. ಕೃತಕ ಹುಲ್ಲಿನ ಮೈದಾನಗಳಲ್ಲಿ, ಫೋರ್ಫರ್, ಮಾಂಟ್ರೋಸ್ ಥರದವು, ಈ ತೊಂದರೆ ಕಡಿಮೆ. ಹುಲ್ಲಿನವರಿಗೆ ಜನವರಿ ಅಂದರೆ ಎದೆ ಡವಡವ. ಬಾಕಿ ಪಂದ್ಯವನ್ನು ಮೂರು ಅಂಕ ಅಂತ ಎಣಿಸಬೇಡಿ, ಒಂದೂವರೆ ಎಂದು ಎಣಿಸಿದರೆ ಏಪ್ರಿಲ್‌ನಲ್ಲಿ ಮನಸ್ಸು ಮುರಿಯುವುದಿಲ್ಲ.

ಆಮೇಲೆ ಆರ್ಬ್ರೋತ್ ಏನಾಯ್ತು?

2022–23ರಲ್ಲಿ 8ನೇ ಸ್ಥಾನ. 2023ರ ನವೆಂಬರ್‌ನಲ್ಲಿ ಕ್ಯಾಂಬೆಲ್ ಹೋದರು, ಆ ಸೀಸನ್ ಕೊನೆಗೆ ತಂಡ ಹತ್ತನೆಯದಾಗಿ ಲೀಗ್ ವನ್‌ಗೆ ಇಳಿಯಿತು. 2022ರ ತಂಡದಲ್ಲಿ ಆಡಿದ್ದ ಡೇವಿಡ್ ಗೋಲ್ಡ್, ಕಾಲಿನ್ ಹ್ಯಾಮಿಲ್ಟನ್ ಇಬ್ಬರೂ ಸೇರಿ ತಂಡ ನಡೆಸಿದರು, 2024–25ರಲ್ಲಿ ಲೀಗ್ ವನ್ ಗೆದ್ದು ಮರುವರ್ಷವೇ ಮೇಲೆ ಬಂದರು.

ಬೀಳೋದು ಅಂದ್ರೆ ಎಲ್ಲಿಯ ತನಕ? ತಳ ಅಂತ ಇದೆಯಾ?

2015ರ ತನಕ ತಳ ಇತ್ತು. ಲೀಗ್ ಟು ಕೊನೆಯವರೂ ಉಳಿಯುತ್ತಿದ್ದರು. ಆ ವರ್ಷದಿಂದ ಹೈಲ್ಯಾಂಡ್ ಮತ್ತು ಲೋಲ್ಯಾಂಡ್ ಚಾಂಪಿಯನ್ನರು ಪರಸ್ಪರ ಆಡಿ, ಗೆದ್ದವರು ಲೀಗ್ ಟು ಹತ್ತನೆಯವರನ್ನು ಎದುರಿಸುತ್ತಾರೆ. 2016ರಲ್ಲಿ ಈಸ್ಟ್ ಸ್ಟರ್ಲಿಂಗ್‌ಶೈರ್ ಹೀಗೆ ಹೊರಬಿದ್ದ ಮೊದಲ ತಂಡ. 2019ರಲ್ಲಿ ಬೆರಿಕ್ ರೇಂಜರ್ಸ್ ಹೋಯಿತು, ಇಂಗ್ಲೆಂಡಿನ ಊರಾಗಿದ್ದೂ ಸ್ಕಾಟಿಷ್ ಲೀಗಿನಲ್ಲಿ ಆಡುತ್ತಿದ್ದ ತಂಡ.

ಬ್ರೀಕಿನ್ ಕಥೆ ಬಾಕಿ ಇತ್ತಲ್ಲ. ಆರ್ಬ್ರೋತಿನ ನೆರೆಯೂರು, ಮೈದಾನದ ಒಂದು ಬದಿಗೆ ಗೋಡೆಯ ಬದಲು ಗಿಡದ ಬೇಲಿ. ನಾಲ್ಕನೇ ಸ್ಥಾನದಿಂದ ಪ್ಲೇಆಫ್ ಗೆದ್ದು ಚಾಂಪಿಯನ್‌ಶಿಪ್‌ಗೆ ಏರಿದ ಅವರು 2017–18ರಲ್ಲಿ 36 ಪಂದ್ಯ ಆಡಿ ಒಂದನ್ನೂ ಗೆಲ್ಲಲಿಲ್ಲ: 4 ಡ್ರಾ, 32 ಸೋಲು, 4 ಅಂಕ. ಮರುವರ್ಷ ಲೀಗ್ ವನ್‌ನಿಂದಲೂ ಇಳಿದರು. 2021ರಲ್ಲಿ ಕೆಲ್ಟಿ ಹಾರ್ಟ್ಸ್ ಎದುರು ಸೋತು ಹೈಲ್ಯಾಂಡ್ ಲೀಗಿಗೆ ಹೋದರು. ಬ್ರೀಕಿನ್ ಹೀಗೆ ಹೊರಬಿದ್ದ ಆ ಬೇಸಿಗೆಯಲ್ಲೇ, ಕಾರಿನಲ್ಲಿ ಅರ್ಧ ಗಂಟೆಯ ದಾರಿಯ ಗೇಫೀಲ್ಡಿನಲ್ಲಿ, ಮೇಲೆ ಹೇಳಿದ 2021–22ಕ್ಕೆ ತಯಾರಿ ಶುರುವಾಗಿತ್ತು.